ಕಾರುಗಳ ಸಾಲಿನಲ್ಲೊಂದು ಸಂದಿ

ಮರ್ವ್ ಟಾಂಕಿನ್‌ನ ತಲೆ ಲಿನೆಟ್‌ಳ ಎರಡು ಅಂಗೈಗಳ ನಡುವೆ ಇತ್ತು. ಅದನ್ನು ಮುಂದಕ್ಕೆ ಬಾಗಿಸಿ ಕತ್ತಿನ ಹಿಂದಿನ ನರೆಗೂದಲಿಗೆ ಮಷೀನು ಹಚ್ಚಬೇಕೆನ್ನುವಷ್ಟರಲ್ಲಿ ತಲೆ ಮತ್ತೆ ಮೇಲೆದ್ದು ಕನ್ನಡಿಯಲ್ಲಿ ಅವಳ ಮುಖವನ್ನು ಹುಡುಕಿತು. "ಆಮೇಲೆ ಐದನೇದು," ಎಂದಿತು ತಲೆ. "ಐದನೇ ಗೋಲು ಹೆಂಗಾಯ್ತು ಅಂದ್ರೆ, ಅವರಲ್ಲಿ ಒಬ್ಬ ಉದ್ದನೆಯವನಿದ್ನಲ್ಲ, ಕೊಕ್ಕರೆ ಥರದವನು, ಅವನ ಹೆಗಲಿಗೆ ಮಂಡಿ ಕೊಟ್ಟು ನಮ್ಮ ಡೂಗಲ್ ಮೇಲಕ್ಕೆ ಹೋದ ನೋಡು. ಹೋದ, ಹೋದ, ಇಳೀಲೇ ಇಲ್ಲ. ಇನ್ನೇನು ಚರ್ಚಿನ ಗಂಟೆ ಹೊಡೆದೇ ಬರ್ತಾನೆ ಅನ್ಕೊಂಡೆ." ಲಿನೆಟ್ ಹೂಂ ಎಂದಳು. ಆ ಸೋಮವಾರ ಬೆಳಗಿನಿಂದ ಅವಳ ಕ್ಷೌರದಂಗಡಿಯ ಈ ಕುರ್ಚಿಗೆ ಬಂದ ತಲೆಗಳೆಲ್ಲ ಇದನ್ನೇ ಹೇಳಿದ್ದವು. ಐದನೇ ಗೋಲಿನಲ್ಲಿ ಡೂಗಲ್ ಒಂದು ತಲೆಯ ಪ್ರಕಾರ ಒಬ್ಬನ ಹೆಗಲ ಮೇಲಿದ್ದ, ಇನ್ನೊಂದರ ಪ್ರಕಾರ ಇಬ್ಬರ ಹೆಗಲ ಮೇಲಿದ್ದ. ಎದುರಾಳಿಯ ಹೆಗಲೇರಿಯಾದರೂ ಚೆಂಡು ಹಿಡಿದು ಕಂಬಗಳ ನಡುವೆ ಒದೆಯುವ ಈ ಸೀಮೆಯ ಫುಟ್‌ಬಾಲಿನಲ್ಲಿ ಎರಡು ವರ್ಷದಿಂದ ಯಾರ ಕೈಲೂ ಸೋಲದ ನಾರಿಂಗ ಊರಿನ ತಂಡ ಶನಿವಾರ ಇವರ ಊರಾದ ವಿರ್ರಾಬಿನ್‌ಗೆ ಬಂದಿತ್ತು. ಆಟದ ನಾಲ್ಕು ಕ್ವಾರ್ಟರುಗಳಲ್ಲಿ ಮೂರನೆಯದು ಮುಗಿದಾಗ ವಿರ್ರಾಬಿನ್ ಏಳು ಗೋಲು ಹಿಂದಿತ್ತು, ಕೊನೆಯ ಕ್ವಾರ್ಟರಿನಲ್ಲಿ ಎಂಟು ಹೊಡೆದು ಗೆದ್ದಿತು. ಊರಿನವರೆಲ್ಲ ಕಣ್ಣಾರೆ ಕಂಡದ್ದನ್ನು ಊರಿನವರೆಲ್ಲ ಪರಸ್ಪರ ಹೇಳಿಕೊಳ್ಳುತ್ತಿದ್ದರು. ಲಿನೆಟ್‌ಗೂ ಅದೇ ಧಾಟಿಯಲ್ಲಿ, ಅವಳೂ ಕಂಡವಳೇ ಎಂಬಂತೆ ಹೇಳುತ್ತಿದ್ದರು. ಅದು ಅವರ ಒಳ್ಳೆಯತನವೋ, ಒಳ್ಳೆಯತನದೊಳಗೆ ಇಟ್ಟ ಸೂಜಿಯೋ ಅವಳಿಗೆ ತಿಳಿಯುತ್ತಿರಲಿಲ್ಲ. ಯಾಕೆಂದರೆ ಅವಳು ಅಲ್ಲಿರಲಿಲ್ಲ, ಮತ್ತು ಅವಳು ಅಲ್ಲಿರಲಿಲ್ಲವೆಂಬುದನ್ನು ಕಾಣದವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಕಾಣದಿರುವುದು ಹೇಗೆ? ವಿರ್ರಾಬಿನ್ ಮೈದಾನದ ಸುತ್ತ ಬೇಲಿಗೆ ಮೂಗು ತಾಗಿಸಿ ಕಾರುಗಳು ನಿಲ್ಲುತ್ತವೆ. ಯಾರ ಕಾರು ಎಲ್ಲಿ ಎಂಬುದು ಅಜ್ಜಂದಿರ ಕಾಲದಲ್ಲೇ ತೀರ್ಮಾನವಾಗಿದೆ. ಶುಕ್ರವಾರ ಸಂಜೆಯೇ ಕಾರು ತಂದು ನಿಲ್ಲಿಸಿ, ನಡೆದು ಮನೆಗೆ ಹೋಗಿ, ಶನಿವಾರ ಮಧ್ಯಾಹ್ನ ಕಂಬಳಿ, ಚಹಾದ ಫ್ಲಾಸ್ಕು ಹಿಡಿದು ಬಂದು ಅದರೊಳಗೆ ಕೂರುತ್ತಾರೆ. ತಮ್ಮವರು ಗೋಲು ಹೊಡೆದರೆ ಹಾರ್ನ್ ಒತ್ತುತ್ತಾರೆ. ಆಟ ಮುಗಿಯಿತೆನ್ನುವ ಕೊನೆಯ ಸೈರನ್ ಆಗುವವರೆಗೆ ಕಾರು ಅಲುಗಿಸುವುದೆಂದರೆ ಊಟದ ಪಂಕ್ತಿಯಲ್ಲಿ ಎಲೆ ಬಿಟ್ಟು ಎದ್ದ ಹಾಗೆ. ಲಿನೆಟ್‌ಳ ಮನೆತನ, ಅಂದರೆ ಪಾಸ್ಕೋ ಮನೆಯವರ ಜಾಗ, ಊರಾಚೆಯ ಸೈಲೋ ಎಂಬ ಧಾನ್ಯದ ಎತ್ತರದ ಕಣಜದ ದಿಕ್ಕಿನ ಗೋಲುಕಂಬಗಳ ನೇರ ಹಿಂದೆ. ಮೂರನೆಯ ಕ್ವಾರ್ಟರ್ ಮುಗಿದಾಗ ಅಪ್ಪನ ಬಿಳಿ ಹೋಲ್ಡನ್ ಕಾರನ್ನು ಲಿನೆಟ್ ಅಲ್ಲಿಂದ ಹಿಂದಕ್ಕೆ ತೆಗೆದಾಗ ಸಾಲು ಮುಂದಿನ ಹಲ್ಲು ಉದುರಿದ ಬಾಯಿಯ ಹಾಗೆ ಕಂಡಿರಬೇಕು. ಕಾರಿನ ಕನ್ನಡಿಯಲ್ಲಿ ಅವಳೇ ನೋಡಿದ್ದಳು. ನೋಡಿಯೂ ಗೇರು ಬದಲಾಯಿಸಿದ್ದಳು.

"ಕೊನೇದು ಎಲ್ಲಿ ಬಿತ್ತು ಗೊತ್ತೇನೇ?" ತಲೆ ಈಗ ತಾನಾಗಿ ಬಾಗಿತ್ತು, ನಗು ತಡೆಯಲು ಬಾಗಿತ್ತು. "ಡೂಗಲ್ ಒದ್ದ. ಚೆಂಡು ನಡುಗಂಬಗಳ ಮಧ್ಯೆ ಬಂತು, ಬೇಲಿ ದಾಟ್ತು, ಸೀದಾ ಬಂದು ನಿನ್ನ ಜಾಗದಲ್ಲಿ ಬಿತ್ತು. ನಿನ್ನ ಟೈರಿನ ಗುರುತಿತ್ತಲ್ಲ, ಎರಡರ ನಡುವೆ, ತೊಟ್ಟಿಲಲ್ಲಿ ಮಲಗಿಸಿದ ಹಾಗೆ. ನಿನ್ನ ಕಾರು ಇದ್ದಿದ್ರೆ ಮುಂದಿನ ಗಾಜು ಪುಡಿಪುಡಿ. ನೀನು ಹೋದದ್ದೇ ಒಳ್ಳೇದಾಯ್ತು ಬಿಡು ಲಿನ್."

ಅವಳು ಮಷೀನು ಹಚ್ಚಿದಳು. ಕೂದಲು ಉದುರುತ್ತಿದ್ದಾಗ ಅದರ ಗುರುಗುಟ್ಟುವಿಕೆಯಲ್ಲಿ, ಶನಿವಾರ ಅವಳ ಕಾರಿನ ಬಳಿ ಬಂದಿದ್ದ ನಾರಿಂಗದವನೊಬ್ಬನ ದನಿ ಕೇಳಿಸಿತು. ಅವನ ಮುಖ ನೆನಪಿಲ್ಲ. ಕಿಟಕಿಯ ಅಂಚಿನ ಮೇಲೆ ಊರಿದ ಮೊಣಕೈ, ಕೈಯಲ್ಲಿ ಅರ್ಧ ತಿಂದ, ಮಾಂಸ ತುಂಬಿದ ಪೈ, ಸಾಸು ಬೆರಳಿಗೆ ಇಳಿದಿತ್ತು. "ಏನಮ್ಮಾ, ಹಾರ್ನ್ ಕೆಟ್ಟಿದ್ಯಾ? ರಿಪೇರಿ ಮಾಡಿಕೊಡ್ಲಾ?" ಮೂರನೆಯ ಕ್ವಾರ್ಟರ್ ಪೂರ್ತಿ ವಿರ್ರಾಬಿನ್ ಒಂದು ಗೋಲನ್ನೂ ಹೊಡೆದಿರಲಿಲ್ಲ. ಅಷ್ಟು ಹೊತ್ತೂ ಅವಳ ಅಂಗೈ ಹಾರ್ನಿನ ಮೇಲೇ ಇತ್ತು. ಪ್ಲಾಸ್ಟಿಕ್ಕು ಅವಳ ಕಾವಿಗೆ ಬೆಚ್ಚಗಾಗಿತ್ತು. ಅವನು ಅದನ್ನು ನೋಡಿಯೇ ಹೇಳಿದ. ಅವಳು ಬೈಯಬಹುದಿತ್ತು. ಕ್ಷೌರದ ಅಂಗಡಿಯಲ್ಲಿ ಬೆಳೆದವಳಿಗೆ ಬೈಗುಳಕ್ಕೆ ಬರವಿಲ್ಲ. ಆದರೆ ಅವಳು ನಕ್ಕಳು. ಹಲ್ಲು ಬಿಟ್ಟು, ತಲೆ ಕುಣಿಸಿ, ಅವನಿಗಿಂತ ಜೋರಾಗಿ ನಕ್ಕಳು. ಆ ನಗು ಮುಗಿದ ಮೇಲೆ ಅದೇ ಮುಖ ಹೊತ್ತು ಅಲ್ಲಿ ಕೂರಲಾಗಲಿಲ್ಲ. ಸೋಲಿಗೆ ಹೆದರಿ ಹೋದಳು ಎಂದು ಊರು ತಿಳಿದಿದೆ. ಸೋಲು ಏನು ಮಹಾ, ಈ ಊರಿನವರು ಸೋಲನ್ನು ಚಹಾದ ಜೊತೆ ಬಿಸ್ಕತ್ತಿನ ಹಾಗೆ ಅದ್ದಿಕೊಂಡು ತಿಂದವರು. ಅಪ್ಪ ಇಪ್ಪತ್ತು ಗೋಲು ಹಿಂದಿರುವಾಗಲೂ ಮಾತಾಡದೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ "ಇನ್ನೂ ಬಿಸಿ ಇದೆ" ಎಂದು ಅವಳಿಗೂ ಸುರಿಯುತ್ತಿದ್ದ. ಒಮ್ಮೆ ಆಲಿಕಲ್ಲು ಬಿದ್ದು ಆಟಗಾರರೇ ಒಳಗೆ ಓಡಿದಾಗಲೂ ಅಪ್ಪ ವೈಪರ್ ಹಾಕಿ ಖಾಲಿ ಮೈದಾನ ನೋಡುತ್ತ ಕುಳಿತಿದ್ದ. "ಅಯ್ಯೋ, ಕಿವಿ!" ಎಂದ ಮರ್ವ್. ಅವಳು ಕೈ ತೆಗೆದಳು. ರಕ್ತ ಬಂದಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಮರ್ವ್‌ನ ಹೆಂಡತಿ ಗೇಲ್ ಚಾಕಲೇಟಿನಲ್ಲಿ ಅದ್ದಿ ತೆಂಗಿನತುರಿ ಹೊದಿಸಿದ ಕೇಕುಗಳ ತಟ್ಟೆ ಹಿಡಿದು ಅಂಗಡಿಗೆ ಬಂದಳು. ತಟ್ಟೆಯ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಮುಚ್ಚಿತ್ತು. ಸಾವಿನ ಮನೆಗೆ ಹೋಗುವಾಗ ಮಾತ್ರ ಗೇಲ್ ಬಟ್ಟೆಗೆ ಇಸ್ತ್ರಿ ಮಾಡುತ್ತಾಳೆಂದು ಲಿನೆಟ್‌ಗೆ ಗೊತ್ತಿತ್ತು. ಗೇಲ್ ಗಿರಾಕಿಗಳ ಕುರ್ಚಿಯಲ್ಲಿ ಕೂತು, ಎದ್ದು, ಕಾಯುವವರ ಬೆಂಚಿನ ಮೇಲೆ ಕೂತಳು.

"ಬೇಜಾರು ಮಾಡ್ಕೋಬೇಡ ಕಣೇ. ನಾನು ಬರಲ್ಲ ಅಂದೆ, ಎಲ್ಲ ಸೇರಿ ನನ್ನನ್ನೇ ತಳ್ಳಿದ್ರು."

"ಹೇಳು ಗೇಲ್."

"ಶನಿವಾರದ ಆಟ ಗೆದ್ರೆ ಫೈನಲ್ಸ್‌ಗೆ ಹೋಗ್ತೀವಿ. ನಿಮ್ಮಪ್ಪ ಇದ್ದಾಗ ಹೋಗಿದ್ದು, ಅಷ್ಟೇ. ನಿನಗೇ ಗೊತ್ತಲ್ಲ."

"ಗೊತ್ತು."

"ನೀನು ಬರಬೇಡ ಅಂತ ಯಾರೂ ಹೇಳ್ತಿಲ್ಲ. ಬಾ. ನಿನ್ನ ಜಾಗದಲ್ಲೇ ನಿಲ್ಲಿಸು. ಮೂರನೇ ಕ್ವಾರ್ಟರ್ ಮುಗಿದ ಮೇಲೆ ಸುಮ್ನೆ ಹಾಗೆ... ಹೋದ ವಾರದ ಥರ. ಸೈಲೋ ತನಕ ಒಂದು ಸುತ್ತು. ಅಲ್ಲೇ ಇರು, ಸೈರನ್ ಆದ ತಕ್ಷಣ ಬಂದ್ಬಿಡು. ಹಾಡು ಹೇಳೋವಾಗ ನಿನ್ನ ಕೈ ನಾನೇ ಹಿಡ್ಕೋತೀನಿ."

ಲಿನೆಟ್‌ಳ ಕೈಯಲ್ಲಿ ಬಾಚಣಿಗೆ ಇತ್ತು. ಅದನ್ನು ಔಷಧದ ನೀರಿನ ಗ್ಲಾಸಿನೊಳಗೆ ಇಳಿಬಿಟ್ಟಳು. ತಾನು ಶನಿವಾರ ಸೈಲೋ ತನಕ ಹೋದದ್ದನ್ನು ಇವಳಿಗೆ ಹೇಳಿದವರು ಯಾರು? ಆ ದಾರಿಯಲ್ಲಿ ಆಗ ಹಾದದ್ದು ಒಂದೇ ಲಾರಿ. ಚಾಲಕ ಸ್ಟಿಯರಿಂಗಿನ ಮೇಲಿನ ಒಂದು ಬೆರಳೆತ್ತಿ, ಈ ಸೀಮೆಯ ಎಲ್ಲರೂ ಎಲ್ಲರಿಗೂ ಎತ್ತುವ ಹಾಗೆ, ನಮಸ್ಕಾರ ಹೇಳಿ ಹೋಗಿದ್ದ. ಅವಳೂ ಒಂದು ಬೆರಳೆತ್ತಿದ್ದಳು. ಆ ಒಂದು ಬೆರಳು ಊರೆಲ್ಲ ಸುತ್ತಿ ಈಗ ಗೇಲ್‌ಳ ಬಾಯಿಯಿಂದ ಬಂದಿತ್ತು.

"ಅದೃಷ್ಟ ಕೆಡಬಾರದು ಅಂತ ನಾವೂ ನಮ್ಮ ಕೈಲಾದ್ದು ಮಾಡ್ತಿದ್ದೀವಿ," ಗೇಲ್ ಮುಂದುವರಿಸಿದಳು, ದನಿಯಲ್ಲಿ ಕುಚೋದ್ಯವೇನೂ ಇರಲಿಲ್ಲ. "ಶನಿವಾರ ನಾನು ಹಾಕಿದ್ದ ಸಾಕ್ಸ್ ಇನ್ನೂ ಒಗೆದಿಲ್ಲ. ಮರ್ವ್ ಆ ದಿನ ಪೈ ತಳಗಡೆಯಿಂದ ತಿಂದಿದ್ನಂತೆ, ಈ ವಾರಾನೂ ಹಾಗೇ ತಿಂತಾನೆ, ಅಂಗಿಯೆಲ್ಲ ಸಾಸು ಮಾಡ್ಕೊಂಡ್ರೂ ಸರಿ. ನಿನ್ನೊಬ್ಬಳಿಗೇ ಹೇಳ್ತಿದ್ದೀವಿ ಅನ್ಕೋಬೇಡ."

"ಆಯ್ತು," ಎಂದಳು ಲಿನೆಟ್.

"ಆಯ್ತಾ?"

"ಆಯ್ತು ಗೇಲ್. ಹೋಗ್ತೀನಿ."

ಗೇಲ್ ಹೋದ ಮೇಲೆ ಅವಳು ನಿಂತುಕೊಂಡೇ ಒಂದು ಕೇಕು ತಿಂದಳು, ಇನ್ನೊಂದು ತಿಂದಳು. ತೆಂಗಿನತುರಿ ನೆಲಕ್ಕೆ ಉದುರಿ ಗಂಡಸರ ಕೂದಲಲ್ಲಿ ಬೆರೆಯಿತು. ಪೊರಕೆ ತಂದು ಎರಡನ್ನೂ ಗುಡಿಸಿದಳು. ಆಯ್ತು ಎಂದದ್ದು ಗೇಲ್‌ಗಾಗಿ ಅಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಶನಿವಾರ ಸೈಲೋದ ನೆರಳಿನಲ್ಲಿ ಕಾರು ನಿಲ್ಲಿಸಿ ಗಾಜು ಇಳಿಸಿದ್ದಳು, ಎರಡೂ ಕಡೆ ಸಾಸಿವೆಯಂತೆ ಹೂಬಿಟ್ಟ ಕನೋಲಾದ ಹಳದಿ ಹೊಲ ಗಾಳಿಗೆ ಮಲಗಿ ಏಳುತ್ತಿತ್ತು. ಆಗ ಮೊದಲ ಹಾರ್ನ್ ಕೇಳಿಸಿತು. ನಾರಿಂಗದವರದು ಎಂದುಕೊಂಡಳು. ಆದರೆ ಅದು ಗೂಳಿ ಕೂಗಿದಂತಿತ್ತು, ಮರ್ವ್‌ನ ಹಳೇ ಪಿಕಪ್ಪಿನದೆಂದು ಅವಳ ಕಿವಿಗೆ ಕೂಡಲೇ ತಿಳಿದಿತ್ತು. ಎರಡನೆಯ ಸಲ ಅಂಚೆಯವನ ಕಾರಿನ ಕೀಚಲು, ಪಾದ್ರಿಯ ಕಾರಿನ ಅಂಜುಬುರುಕ ಪೀಂ, ಒಂದೊಂದೂ ಯಾರದೆಂದು ಅವಳು ಕಣ್ಣು ಮುಚ್ಚಿ ಹೇಳಬಲ್ಲವಳು. ಮೂರು ಸಲ, ನಾಲ್ಕು ಸಲ. ಕೈ ಕೀಲಿಯ ಮೇಲೆ ಹೋಯಿತು. ಮರಳಿ ಹೋದರೆ ಗೇಟಿನವನು ನಗುತ್ತಾನೆ ಎಂದುಕೊಂಡಳು, ಅದು ನೆಪ. ನಿಜವೇನೆಂದರೆ, ನಾನು ಹೋದರೆ ಇದು ನಿಂತುಹೋಗುತ್ತದೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ ಮೇಲೆ ಅಲುಗಲಾಗಲಿಲ್ಲ. ಮುಚ್ಚಿಕೊಳ್ಳುವ ಬಾಗಿಲಿಗೆ ಹೆಗಲು ಕೊಟ್ಟು ನಿಂತವಳ ಹಾಗೆ ಉಸಿರು ಬಿಗಿಹಿಡಿದು ಕೂತಳು. ಆಮೇಲೆ ಎಲ್ಲ ಹಾರ್ನುಗಳೂ ಒಟ್ಟಿಗೆ ಶುರುವಾಗಿ ನಿಲ್ಲಲೇ ಇಲ್ಲ. ಗೆದ್ದಾಗ ಮಾತ್ರ ಹೇಳುವ ಹಾಡನ್ನು ಅವರೆಲ್ಲ ಹೆಗಲಿಗೆ ಕೈ ಹಾಕಿಕೊಂಡು ಹಾಡುತ್ತಿರುವಾಗ ಅವಳು ಮೈದಾನಕ್ಕೆ ಮರಳದೆ ಮನೆಗೆ ಹೋಗಿ ಆಲೂಗಡ್ಡೆ ಸುಲಿಯುತ್ತಿದ್ದಳು. ಒಬ್ಬಳಿಗೆ ಎಷ್ಟು ಬೇಕೆಂಬುದು ಮರೆತು ಪಾತ್ರೆ ತುಂಬ ಸುಲಿದಳು. ಹಾಗಾದರೆ ಊರಿನವರು ಹೇಳುವುದರಲ್ಲಿ ತಪ್ಪೇನಿದೆ? ಅವರಿಗಿಂತ ಮೊದಲು ಅದನ್ನು ನಂಬಿದವಳು ತಾನು. ಅಪ್ಪ ಹೋದಮೇಲೆ ಎಷ್ಟು ಆಟ ಗೆದ್ದಿದ್ದೇವೆ ಎಂದು ಲೆಕ್ಕ ಹಾಕಲು ಹೊರಟ ಮನಸ್ಸನ್ನು ಅವಳು ಕಿವಿ ಹಿಡಿದು ನಿಲ್ಲಿಸಿದಳು.

ಗುರುವಾರ ತಾಲೀಮಿಗೆ ಹೋಗುವ ದಾರಿಯಲ್ಲಿ ಡೂಗಲ್ ಬಂದ. ಅಂಗಡಿಯಲ್ಲಿ ಮೊದಲೇ ಇದ್ದ ಇಬ್ಬರು ಎದ್ದು ಅವನ ಕೈ ಕುಲುಕಿದರು, ಒಬ್ಬ ಅವನ ಬಲಗಾಲಿನ ಮಂಡಿಯನ್ನೂ ಮುಟ್ಟಿ ನೋಡಿದ. ಮೇಲಕ್ಕೆ ಹೋಗಿ ಇಳಿಯದಿದ್ದ ಆ ದೇಹ ಕುರ್ಚಿಯಲ್ಲಿ ಹಿಡಿಸದೆ ಕಾಲುಗಳನ್ನು ಕನ್ನಡಿಯ ಕೆಳಗೆ ತೂರಿಸಿಕೊಂಡಿತು. ಕಿವಿಯ ಹಿಂದೆ ಹಸಿರುಗಟ್ಟಿದ ಏಟು. ಉಳಿದವರು ಹೋಗುವತನಕ ಅವನು ಹೌದು, ಇಲ್ಲ, ಗಾಳಿ ನಮ್ಮ ಕಡೆ ಇತ್ತು ಅಷ್ಟೇ ಎನ್ನುತ್ತಿದ್ದ. ಅವರು ಹೋದರು. ಲಿನೆಟ್ ಕತ್ತರಿ ಎತ್ತಿಕೊಂಡಳು.

"ನೀನೂ ಹೇಳಿಬಿಡು," ಎಂದಳು. "ಸೈಲೋಗೆ ಹೋಗು ಅಂತ. ಹೇಳೋಕೇ ಬಂದಿದ್ದೀಯಲ್ಲ."

"ಕೂದಲು ಕತ್ತರಿಸ್ಕೊಳ್ಳೋಕೆ ಬಂದೆ."

"ಹೋದ ವಾರ ತಾನೇ ಕತ್ತರಿಸಿದ್ದೀನಿ."

ಡೂಗಲ್ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ, ಅದು ನಿಜವೆಂದು ಅವನಿಗೂ ಕಂಡಿತು. "ನಾನು ಒದೆಯೋವಾಗ ಕಂಬಗಳನ್ನ ನೋಡಲ್ಲ ಲಿನ್," ಎಂದ. "ಕಂಬ ನೋಡಿದ್ರೆ ಕಂಬಕ್ಕೇ ಬಡಿಯುತ್ತೆ. ಹಿಂದೆ ಏನಾದ್ರೂ ಒಂದನ್ನ ಹಿಡ್ಕೋಬೇಕು. ಆ ಕಡೆ ಗೋಲಿಗೆ ನಾನು ಚಿಕ್ಕಂದಿನಿಂದ ನಿಮ್ಮ ಬಿಳಿ ಕಾರನ್ನ ಹಿಡ್ಕೋತಿದ್ದೆ. ಒಳಗೆ ನಿಮ್ಮಪ್ಪನ ಟೋಪಿ ಕಾಣ್ತಿತ್ತು. ಆಮೇಲೆ ನೀನು."

ಕತ್ತರಿ ಗಾಳಿಯಲ್ಲೇ ನಿಂತಿತು.

"ಕೊನೇ ಕ್ವಾರ್ಟರ್, ಮೊದಲ ಸಲ ಚೆಂಡು ಸಿಕ್ತು, ತಲೆ ಎತ್ತಿದೆ. ಕಾರಿಲ್ಲ. ಬರೀ ಸಂದಿ."

"ಆಮೇಲೆ?"

"ಆ ಸಂದೀನೇ ಹಿಡ್ಕೊಂಡು ಹೊಡೆದೆ. ಹೋಯ್ತು. ಆಮೇಲೂ ಅದನ್ನೇ ಹಿಡ್ಕೊಂಡೆ."

"ಹಾಗಾದ್ರೆ ಸಂದಿ ಇರಲಿ ಅಂತೀಯ."

ಅವನು ಸುಳ್ಳು ಹೇಳಲು ಬಾರದವನೆಂದು ಶಾಲೆಯಲ್ಲೇ ಹೆಸರಾದವನು. "ಗೊತ್ತಿಲ್ಲ. ಎರಡನೇ ಕ್ವಾರ್ಟರಲ್ಲೂ ಅದೇ ಗೋಲಿಗೇ ಒದ್ದಿದ್ದು. ಆಗ ನೀನಿದ್ದೆ. ಮೂರು ತಪ್ಪಿಸಿದೆ."

"ಮೂರು."

"ಆಗ ಗಾಳಿ ಅಡ್ಡ ಇತ್ತು. ಇರಬಹುದು. ನನಗೆ ಗೊತ್ತಿಲ್ಲ ಲಿನ್. ತಂಡದ ಹುಡುಗರು ನೀನು ಹೋಗಬೇಕು ಅಂತಾರೆ." ಅವನು ಹೊದಿಕೆಯೊಳಗಿನಿಂದ ಕೈ ತೆಗೆದು ಮೂಗು ಒರೆಸಿಕೊಂಡ. "ನಾನು ಬಂದದ್ದು ಅದಕ್ಕಲ್ಲ. ಆ ಸಂದಿ ನೋಡಿದಾಗ ಯಾರೋ ಸತ್ತರು ಅನ್ಕೊಂಡೆ. ನಿಮ್ಮಪ್ಪ ತೀರಿಕೊಂಡ ಶನಿವಾರ ಬಿಟ್ಟರೆ ಅಲ್ಲಿ ಜಾಗ ಖಾಲಿ ಇದ್ದದ್ದು ನಾನು ನೋಡೇ ಇಲ್ಲ. ನೀನು ಹೋಗಿಬಿಟ್ಟೆ ಅನ್ಕೊಂಡೆ. ಗೆದ್ದ ಮೇಲೆ ಕೇಳಿದೆ, ಇಲ್ಲ, ಬೇಜಾರಾಗಿ ಮನೆಗೆ ಹೋದಳು ಅಂದ್ರು. ಅದಕ್ಕೇ, ಒಂದ್ಸಲ ನೋಡ್ಕೊಂಡು ಹೋಗೋಣ ಅಂತ."

ಲಿನೆಟ್ ಅವನ ಕತ್ತಿನಲ್ಲಿ ಇಲ್ಲದ ಕೂದಲನ್ನು ಬ್ರಷ್ಷಿನಿಂದ ಝಾಡಿಸಿದಳು. ಅವನು ಹೇಳಿದ್ದರಲ್ಲಿ ಅವಳಿಗೆ ಸಮಾಧಾನವಾಗುವಂಥದ್ದು ಏನೂ ಇರಲಿಲ್ಲ, ಮೂರು ತಪ್ಪಿದ್ದು ತಪ್ಪಿದ್ದೇ. ಆದರೂ ಅವನು ಹೋದ ಮೇಲೆ ಕನ್ನಡಿಯ ಮುಂದೆ ನಿಂತಾಗ ನಾರಿಂಗದವನ ಮುಂದೆ ಹಲ್ಲು ಬಿಟ್ಟ ಆ ಮುಖ ಮೊದಲ ಸಲ ಅಲ್ಲಿರಲಿಲ್ಲ. ಇದ್ದದ್ದು ಬರೀ ಒಂದು ಮುಖ. ಕಣ್ಣಿನ ಕೆಳಗೆ ಬಾವು, ಕೆನ್ನೆಯ ಮೇಲೆ ಯಾರದೋ ಕೆಂಚು ಕೂದಲಿನ ತುಣುಕು. ಸತ್ತವರ ಜಾಗ ಖಾಲಿ ಇರುತ್ತದೆ. ತಾನು ಸತ್ತಿಲ್ಲ. ಇಷ್ಟು ಸಣ್ಣ ಮಾತು ಇಷ್ಟು ದಿನ ಯಾಕೆ ಹೊಳೆಯಲಿಲ್ಲವೆಂದು ಅವಳಿಗೆ ಸಿಟ್ಟು ಬಂತು. ತಾನು ಶಕುನವೇ ಇರಬಹುದು, ಅಪಶಕುನವೇ ಇರಬಹುದು. ಇದ್ದರೆ ಇದ್ದ ಜಾಗದಲ್ಲಿದ್ದೇ ಅಪಶಕುನವಾಗುತ್ತೇನೆ. ಶನಿವಾರ ಸೋತರೆ ಊರಿನವರೆಲ್ಲ ತನ್ನ ಕಡೆ ತಿರುಗಿ ನೋಡುತ್ತಾರೆ. ತಿರುಗಿದಾಗ ಅಲ್ಲಿ ನೋಡಲು ಒಬ್ಬಳು ಇರಬೇಕಲ್ಲ. ಸಿಟ್ಟು ಇಳಿಯಲಿಲ್ಲ. ಒಲೆಯ ಮೇಲಿನ ನೀರಿನ ಹಾಗೆ ಕುದಿಯುವುದಕ್ಕೆ ಸ್ವಲ್ಪ ಕಡಿಮೆ ಮಟ್ಟದಲ್ಲಿ ಹದವಾಗಿ ನಿಂತಿತು. ಅಂಗಡಿ ಮುಚ್ಚುವಾಗ ತಾನು ಕೆಳದನಿಯಲ್ಲಿ ಆ ಗೆಲುವಿನ ಹಾಡು ಗುನುಗುತ್ತಿರುವುದು ಕೇಳಿಸಿ, ಗೆಲ್ಲದೆ ಹಾಡಬಾರದೆಂದು ಬಾಯಿ ಮುಚ್ಚಿಕೊಂಡಳು.

ಶುಕ್ರವಾರ ಸಂಜೆ ಮೈದಾನದಲ್ಲಿ ಹುಲ್ಲಿನ ಮೇಲೆ ಬಿಳಿ ಗೆರೆ ಹೊಸದಾಗಿ ಎಳೆದಿದ್ದರು, ಬಣ್ಣದ ವಾಸನೆ ಇನ್ನೂ ಇತ್ತು. ಬೇಲಿಯ ಸುತ್ತ ಆಗಲೇ ಕಾರುಗಳು ತುಂಬುತ್ತಿದ್ದವು. ಮರ್ವ್ ತನ್ನ ಪಿಕಪ್ಪನ್ನು ನಿಲ್ಲಿಸಿ ಗಾಜು ಒರೆಸುತ್ತಿದ್ದ. ಅವನ ಪಕ್ಕದ ಜಾಗದಲ್ಲಿ ಹೋದ ವಾರದ ಟೈರಿನ ಗುರುತುಗಳ ನಡುವೆ ಯಾರೋ ಸುಣ್ಣದಿಂದ ಒಂದು ಸುತ್ತು ಬರೆದಿದ್ದರು, ಚೆಂಡು ಬಿದ್ದ ಜಾಗ. ಲಿನೆಟ್ ಕಾರು ತಿರುಗಿಸುವಾಗ ಅವನು ಕೈ ಬೀಸಿದ.

"ಉಲ್ಟಾ ನಿಲ್ಲಿಸೇ! ಕಾರಿನ ಹಿಂಭಾಗ ಬೇಲಿ ಕಡೆಗೆ ಬರ್ಲಿ. ನಾಳೆ ಹೋಗೋಕೆ ಸಲೀಸಾಗುತ್ತೆ."

ಅವಳು ಉಲ್ಟಾ ನಿಲ್ಲಿಸಲಿಲ್ಲ. ಸುಣ್ಣದ ಸುತ್ತಿನ ಮೇಲೆ ಹಾದು ಬೇಲಿಯ ಕಂಬಿಗೆ ಮೂಗು ತಾಗುವಷ್ಟು ಮುಂದಕ್ಕೆ ಬಂದು, ಎಂಜಿನ್ನು ಆರಿಸಿ ಇಳಿದಳು. ಮುಂದಿನ ಎಡಗಡೆ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ವಾಲ್ವಿನ ಮುಚ್ಚಳ ತಿರುಗಿಸಿ ಜೇಬಿಗೆ ಹಾಕಿಕೊಂಡಳು. ಬಾಚಣಿಗೆಯ ಹಿಡಿಯ ಚೂಪು ತುದಿಯಿಂದ ಒಳಗಿನ ಕಡ್ಡಿಯನ್ನು ಒತ್ತಿದಳು. ಗಾಳಿ ಸುಯ್ ಎಂದು ಹೊರಟಿತು.

"ಏ, ಏ, ಏನ್ ಮಾಡ್ತಿದ್ದೀಯೇ?" ಮರ್ವ್ ಒದ್ದೆ ಬಟ್ಟೆ ಹಿಡಿದೇ ಓಡಿ ಬಂದ.

"ಗಾಳಿ ಬಿಡ್ತಿದ್ದೀನಿ."

"ಅದು ಕಾಣುತ್ತೆ! ನಾಳೆ ಹೆಂಗೆ ಹೋಗ್ತೀಯ?"

"ಹೋಗಲ್ಲ ಮರ್ವ್."

"ಗೇಲ್‌ಗೆ ಮಾತು ಕೊಟ್ಟಿದ್ದೀಯಲ್ಲ!"

"ಕೊಟ್ಟಿದ್ದೆ. ತಪ್ಪು ಮಾಡಿದೆ. ವಾಪಸ್ ತಗೋತಿದ್ದೀನಿ ಅಂತ ಹೇಳು. ಸಾಕ್ಸ್ ಮಾತ್ರ ಒಗೀಬೇಡ ಅನ್ನು."

ಮರ್ವ್ ನಗಬೇಕೋ ಬೈಯಬೇಕೋ ತಿಳಿಯದೆ ಬಟ್ಟೆಯನ್ನು ಹಿಂಡಿದ, ನೀರು ಅವನ ಬೂಟಿನ ಮೇಲೇ ಬಿತ್ತು. ಅವನ ಕಣ್ಣಿನಲ್ಲಿ ನಿಜವಾದ ಹೆದರಿಕೆ ಇತ್ತು, ಎಂಟು ಗೋಲುಗಳೂ ಈ ವಾಲ್ವಿನಿಂದಲೇ ಸೋರಿಹೋಗುತ್ತಿವೆಯೇನೋ ಎಂಬಂಥ ಹೆದರಿಕೆ. ಅದನ್ನು ನೋಡಿ ಅವಳ ಕೈಯೂ ಒಂದು ಗಳಿಗೆ ಸಡಿಲವಾಯಿತು. ಸುಯ್ಯೆನ್ನುವುದು ನಿಂತಿತು. ಅವಳು ಕಡ್ಡಿಯನ್ನು ಮತ್ತೆ ಒತ್ತಿದಳು.

"ಸೋತರೆ?" ಎಂದ ಅವನು, ಈ ಸಲ ಮೆಲ್ಲಗೆ.

"ಸೋತರೆ ಸೋಮವಾರ ಅಂಗಡಿ ತೆಗೆದಿರುತ್ತೆ. ಬಾ, ಕೂತ್ಕೊಂಡು ಬೈಯಿ. ಕಿವಿ ಮುಟ್ಟಲ್ಲ."

"ನಿಮ್ಮಪ್ಪನೂ ಇಂಥವನೇ. ಕತ್ತೆ."

"ಗೊತ್ತು."

ಎಡಗಡೆ ಚಕ್ರ ಚಪ್ಪಟೆಯಾಗಿ ರಿಮ್ಮಿನ ಮೇಲೆ ಕೂತಿತು. ಅವಳು ಎದ್ದು ಮಂಡಿಗೆ ಅಂಟಿದ ಹುಲ್ಲು ಕೊಡವಿ, ಕಾರಿನ ಮೂಗನ್ನು ಸುತ್ತಿಕೊಂಡು ಬಲಗಡೆ ಚಕ್ರದ ಹತ್ತಿರ ಬಂದು ಮತ್ತೆ ಕುಕ್ಕರಗಾಲಲ್ಲಿ ಕೂತಳು. ಬೇಲಿಯಾಚೆ ಗೋಲುಕಂಬಗಳು ನಾಲ್ಕೂ ಅವಳ ತಲೆಯ ಮೇಲೆ ನಿಂತಿದ್ದವು. ಕೆಳಗಿನಿಂದ ನೋಡಿದಾಗ ನಡುವಿನ ಎರಡು ಕಂಬಗಳ ಅಂತರ ಅವಳು ಅಂದುಕೊಂಡಿದ್ದಕ್ಕಿಂತ ಎಷ್ಟೋ ಕಿರಿದಾಗಿತ್ತು. ಈ ಚಕ್ರದ ಗಾಳಿಯೂ ಹೊರಟಾಗ ಬಿಳಿ ಕಾರು, ಮುಂಗಾಲು ಮಡಚಿ ಕೂರುವ ಹಸುವಿನ ಹಾಗೆ, ಬೇಲಿಯ ಕಡೆಗೆ ನಿಧಾನವಾಗಿ ಬಾಗಿತು.

"ಅಲ್ಲ ಕಣೇ," ಮರ್ವ್ ಕೊನೆಯ ಪ್ರಯತ್ನ ಮಾಡಿದ, "ಎರಡೂ ಟೈರಿಗೆ ಗಾಳಿ ಇಲ್ಲದ ಕಾರಲ್ಲಿ ಕೂತು ನಾಳೆ ಏನು ಮಾಡ್ತೀಯ?"

"ಹಾರ್ನಿಗೆ ಗಾಳಿ ಬೇಡ ಮರ್ವ್," ಎಂದಳು ಲಿನೆಟ್, ಮತ್ತು ಕೈಯಲ್ಲಿದ್ದ ಎರಡನೆಯ ಮುಚ್ಚಳವನ್ನೂ ಜೇಬಿಗೆ ಹಾಕಿಕೊಂಡಳು.